ಹಟಮಾರಿ ನಾಯಿಗೆ ಯಾವ ಟ್ರೇನರ್?

ನಾಯಿ ಮಾತು ಕೇಳ್ತಿಲ್ಲ, ಬೋರ್ಡಿಂಗ್‌ಗೆ ಬಿಡೋದಾ, ಟ್ರೇನರ್‌ನ ಮನೆಗೆ ಕರೆಸೋದಾ? ಇವತ್ತು ಇದರ ಬಗ್ಗೆ ಮಾತಾಡೋಣ. ನಮ್ಮನೇಲೂ ಈಗ ಇದೇ ಚರ್ಚೆ. ನಮ್ಮ ಗುಂಡ ಎರಡು ವರ್ಷದ ಮುಧೋಳ. ಪಕ್ಕೆಲುಬು ಎಣಿಸಬಹುದು, ಆದ್ರೂ ಹೆಸರು ಗುಂಡ! ಬೆಕ್ಕು ಕಂಡ್ರೆ ಹಗ್ಗ ಹಿಡಿದವರನ್ನೂ ಎಳ್ಕೊಂಡು ಓಡ್ತಾನೆ. ಹೋದ ತಿಂಗಳು ಅಮ್ಮ ಬಿದ್ದು ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸ್ಕೊಂಡ್ರು. 'ಯಾರಿಗಾದ್ರೂ ಕೊಟ್ಬಿಡು' ಅಂತಿದ್ದಾರೆ ಅಪ್ಪ. ನನಗೆ ಕೊಡೋಕೆ ಮನಸ್ಸಿಲ್ಲ.

ಮೊದಲು ಈ 'ಹಟ' ಅನ್ನೋ ಮಾತು. ಮುಧೋಳ ಕಣ್ಣಿನಿಂದ ಬೇಟೆ ಹುಡುಕೋ ತಳಿ. ಬಯಲಲ್ಲಿ ಮೊಲ ಎದ್ದ ಕ್ಷಣ ಯಾರ ಅಪ್ಪಣೆಗೂ ಕಾಯದೆ ಓಡಲಿ ಅಂತಲೇ ಇವನ್ನ ಬೆಳೆಸಿದ್ದು. ಲ್ಯಾಬ್ರಡಾರ್ ನಿಮ್ಮ ಮುಖ ನೋಡುತ್ತೆ, ಇವನು ರಸ್ತೆಯ ಆ ತುದಿ ನೋಡ್ತಾನೆ. ಹಾಗಂತ ಕಲಿಯಲ್ಲ ಅಂತಲ್ಲ. 2016ರಲ್ಲಿ ನಮ್ಮ ಸೇನೆ ಮುಧೋಳ ಮರಿಗಳನ್ನ ಮೀರತ್‌ನ ತನ್ನ ಕೇಂದ್ರಕ್ಕೆ ತರಬೇತಿಗೆ ಕರ್ಕೊಂಡು ಹೋಗಿತ್ತು. ಇನ್ನೊಂದು ಮಾತು: ಇದುವರೆಗೆ ಚೆನ್ನಾಗಿದ್ದ ನಾಯಿ ದಿಢೀರನೆ ಮೊಂಡಾದ್ರೆ ಟ್ರೇನರ್‌ಗಿಂತ ಮೊದಲು ಡಾಕ್ಟರ್ ಹತ್ರ ಹೋಗಿ. ಕಿವಿ ನೋವು, ಕೀಲು ನೋವಿದ್ರೂ 'ಬಾ' ಅಂದ್ರೆ ಬರಲ್ಲ.

ಈಗ ಬೋರ್ಡಿಂಗ್. ನಾಯಿಯನ್ನ ಕೆಲವು ವಾರ ಅಲ್ಲೇ ಇಟ್ಕೊಂಡು ಕಲಿಸ್ತಾರೆ. ಕೇಳೋಕೆ ಸುಲಭ. ಆದ್ರೆ ಒಂದು ಜಾಗದಲ್ಲಿ ಕಲಿತದ್ದನ್ನ ಇನ್ನೊಂದು ಜಾಗಕ್ಕೆ ತರೋದು ನಾಯಿಗೆ ಕಷ್ಟ. ಫಾರ್ಮ್‌ನಲ್ಲಿ ಟ್ರೇನರ್ ಹೇಳಿದ ತಕ್ಷಣ ಕೂತವನು, ನಮ್ಮ ಬೀದಿಯಲ್ಲಿ ಅಮ್ಮ ಹೇಳಿದ್ರೆ ಕೂರ್ತಾನಾ? ಅದಕ್ಕಿಂತ ನನ್ನನ್ನ ಕಾಡಿದ್ದು, ನಾವಿಲ್ಲದಾಗ ಅಲ್ಲಿ ಏನು ಮಾಡ್ತಾರೆ ಅನ್ನೋದು. ನಾನು ವಿಚಾರಿಸಿದ ಒಂದು ಕಡೆ 'ಮಧ್ಯದಲ್ಲಿ ಬಂದು ನೋಡೋ ಹಾಗಿಲ್ಲ' ಅಂದ್ರು. ಅಲ್ಲಿಗೆ ಮುಗೀತು.

ಗ್ರೂಪ್ ಕ್ಲಾಸ್ ಮರಿಗಳಿಗೆ ಚೆನ್ನ. ಕಂಡದ್ದಕ್ಕೆಲ್ಲ ನುಗ್ಗೋ ನಾಯಿಗೆ ಸದ್ಯಕ್ಕೆ ಬೇಡ.

ಹಾಗಾಗಿ ಮನೆಗೆ ಬರೋ ಟ್ರೇನರ್. ಇವರು ಬಂದ ಮೊದಲ ದಿನ 'ಸಿಟ್' ಅಂತಲೂ ಹೇಳಲಿಲ್ಲ. ಗುಂಡನ ಬೆಲ್ಟ್ ನೋಡಿದ್ರು. ಮುಧೋಳಕ್ಕೆ ತಲೆ ಸಣ್ಣ, ಬೆಲ್ಟ್ ಸುಲಭವಾಗಿ ಜಾರಿ ಹೋಗುತ್ತೆ. ಎದೆಯ ಮುಂದೆ ಹುಕ್ ಇರೋ ಹಾರ್ನೆಸ್ ತರಿಸಿದ್ರು. ಎಳೆದ್ರೆ ಅವನೇ ಪಕ್ಕಕ್ಕೆ ತಿರುಗ್ತಾನೆ. ಆಮೇಲೆ ಬೆಕ್ಕು ಕಾಣಬೇಕು, ಆದ್ರೆ ಚಿಕನ್ ಚೂರು ತಿನ್ನೋಷ್ಟು ಸಮಾಧಾನವೂ ಇರಬೇಕು, ಅಷ್ಟು ದೂರ ಹುಡುಕಿ ನಿಂತ್ರು. ಬೆಕ್ಕು ನೋಡಿ ನಮ್ಮ ಕಡೆ ತಿರುಗಿದ್ರೆ ಒಂದು ಚೂರು. ದಿನಾ ಹತ್ತು ನಿಮಿಷ, ದೂರ ನಿಧಾನಕ್ಕೆ ಕಡಿಮೆ. ಹಗ್ಗ ಹಿಡಿದು ಇದನ್ನ ಕಲೀತಿರೋದು ನಾನು. ಬೆಳಿಗ್ಗೆ ವಾಕಿಂಗ್ ಅಮ್ಮಂದೇ ಆದ್ದರಿಂದ ಅವರೂ ಪಕ್ಕದಲ್ಲಿ ನಿಂತು ನೋಡ್ತಾರೆ.

ಚೋಕ್ ಚೈನ್, ಶಾಕ್ ಬೆಲ್ಟ್ ತಂದವರನ್ನ ನಾನಂತೂ ಗೇಟಿನಿಂದಲೇ ವಾಪಸ್ ಕಳಿಸ್ತೀನಿ. ವೇಲ್ಸ್‌ನಲ್ಲಿ ಶಾಕ್ ಬೆಲ್ಟ್‌ಗೆ 2010ರಲ್ಲೇ ನಿಷೇಧ ಬಂತು. ನಾಯಿ ನಡವಳಿಕೆ ಓದಿದ ಅಮೆರಿಕದ ಪಶುವೈದ್ಯರ ಸಂಘ, 2021ರಲ್ಲಿ, ಎಲ್ಲ ನಾಯಿಗೂ ಬಹುಮಾನ ಕೊಟ್ಟು ಕಲಿಸೋ ವಿಧಾನವೇ ಸಾಕು ಅಂತ ಹೇಳಿತು. ಹೆದರಿದ ನಾಯಿ ಸುಮ್ಮನಿರುತ್ತೆ, ನಿಜ. ವಿಡಿಯೋದಲ್ಲಿ ಅದು 'ಡಿಸಿಪ್ಲಿನ್' ಥರ ಕಾಣುತ್ತೆ. ಬಾಲ ಕಾಲ ಸಂದಿಗೆ ಸೇರಿದೆಯಾ, ತುಟಿ ನೆಕ್ಕೊಳ್ತಿದೆಯಾ, ಅದನ್ನ ನೋಡಿ.

ನೀವು ಟ್ರೇನರ್‌ಗೆ ಫೋನ್ ಮಾಡಿದಾಗ ಇಷ್ಟು ಕೇಳಿ: ನಾಯಿ ಹೇಳಿದ್ದು ಮಾಡದಿದ್ರೆ ನೀವೇನು ಮಾಡ್ತೀರಿ? ಉತ್ತರ ತಡವರಿಸಿದ್ರೆ, ಅಥವಾ 'ಹದಿನೈದು ದಿನದಲ್ಲಿ ಗ್ಯಾರಂಟಿ' ಅಂದ್ರೆ, ಫೋನ್ ಇಟ್ಬಿಡಿ. ಪೂರ್ತಿ ಪ್ಯಾಕೇಜ್ ಕಟ್ಟೋ ಮೊದಲು ಒಂದೇ ಒಂದು ಕ್ಲಾಸಿಗೆ ದುಡ್ಡು ಕೊಟ್ಟು, ಪಕ್ಕದಲ್ಲೇ ನಿಂತು ನೋಡಿ.