ಊರೊಳಗಿನ ರೈಲು ಬಾಡಿಗೆ
(ವಾಚನಾಲಯದಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಕೆಲವರು ಗಿರಣಿಯ ಗುಮಾಸ್ತರು. ಕೆಲವರು ಗೂಡ್ಸ್ ಶೆಡ್ಡಿನಲ್ಲಿ ಮಾಲು ಇಳಿಸುವವರು. ರೈಲ್ವೆಯ ಬಿಲ್ಲು ಹೆಚ್ಚಾದರೆ ಬೈಗುಳ ಇಬ್ಬರಿಗೂ ತಪ್ಪಿದ್ದಲ್ಲ. ಆದ್ದರಿಂದ ಆ ಬಿಲ್ಲಿನ ಕಾಯಿದೆಯನ್ನು ಇಷ್ಟಾದರೂ ತಿಳಿದಿರುವುದು ಒಳ್ಳೆಯದು.

ಸಾಗಣೆ ದರ ಗೊತ್ತುಮಾಡುವ ಅಧಿಕಾರ, 1989ರ ರೈಲ್ವೆ ಕಾಯಿದೆಯ 30ನೆಯ ಕಲಮಿನಂತೆ, ಕೇಂದ್ರ ಸರಕಾರದ್ದು. ಸ್ಟೇಷನ್ ಮಾಸ್ತರರು ತಾವಾಗಿ ಏರಿಸಲಾರರು, ಇಳಿಸಲಾರರು. ದರ ಕಟ್ಟುವಾಗ ಕನಿಷ್ಠ ದೂರ ಎಂಬುದೊಂದುಂಟು. ಸಾಮಾನ್ಯ ನಿಯಮದಲ್ಲಿ ಅದು 100 ಕಿಲೋಮೀಟರು. ವಡೋದರಾದಿಂದ ಅಹಮದಾಬಾದಿಗೆ ಹೆಚ್ಚುಕಡಿಮೆ ಅಷ್ಟೇ ದೂರ. ಅಂದರೆ, ವ್ಯಾಗನ್ನು ಸಾಬರಮತಿಯಿಂದ ಕಾಂಕರಿಯಾಕ್ಕೆ ಊರೊಳಗೇ ಹೋದರೂ, ರಿಯಾಯಿತಿ ಇಲ್ಲದಿದ್ದರೆ, ವಡೋದರಾದಿಂದ ಬಂದಷ್ಟೇ ಬಾಡಿಗೆ! ಊರೊಳಗಿನ ಮಾಲು ಲಾರಿಯನ್ನೇ ಹತ್ತುವುದೇಕೆಂದು ಇದರಿಂದ ತಿಳಿಯುತ್ತದೆ.

ಬಾಡಿಗೆಯ ಮೇಲೆ ದಂಡವೂ ಉಂಟು. ಗೊತ್ತಾದ ಹೊತ್ತು ಮೀರಿ ವ್ಯಾಗನ್ನು ನಿಂತರೆ ಡೆಮರೇಜು. ಇಳಿಸಿದ ಮಾಲು ರೈಲ್ವೆಯ ಜಾಗದಲ್ಲೇ ಉಳಿದರೆ ವಾರ್ಫೇಜು. ಒಮ್ಮೆ ನಮ್ಮ ಕಚೇರಿಗೆ ಇಂಥ ಬಿಲ್ಲು ಬಂತು. ತಪ್ಪೆಲ್ಲ ಹಮಾಲರದೆಂದು ಮೇಲಿನವರು ಹೇಳಿದರು. ವ್ಯಾಗನ್ನು ಎಷ್ಟು ಹೊತ್ತಿಗೆ ಬಂತು, ಹಮಾಲರಿಗೆ ಯಾವಾಗ ಹೇಳಿಕಳಿಸಿದೆವು ಎಂಬುದನ್ನು ನಾವು ಬರೆದಿಟ್ಟಿರಲಿಲ್ಲ, ಸುಮ್ಮನೆ ನಿಂತೆವು. ಆ ನಾಚಿಕೆ ಇನ್ನೂ ಹೋಗಿಲ್ಲ.

ಅನ್ಯಾಯದ ಸಾಗಣೆ ದರದ ಮೇಲೆ ದೂರು ಕೇಳಲು 1949ರಿಂದ ಮದರಾಸಿನಲ್ಲಿ ರೈಲ್ವೆ ದರಗಳ ಟ್ರಿಬ್ಯೂನಲ್ ಇತ್ತು. 2017ರಲ್ಲಿ ಆ ಕೆಲಸವನ್ನು ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ಲಿಗೆ ವಹಿಸಿದರು. ಆದರೆ ಡೆಮರೇಜು, ವಾರ್ಫೇಜುಗಳನ್ನು ಎಷ್ಟೆಂದು ಗೊತ್ತುಮಾಡುವ ವಿಷಯ, 37ನೆಯ ಕಲಮಿನಂತೆ, ಅಲ್ಲಿ ಎತ್ತುವಂತಿಲ್ಲ. ಉಳಿದ ದಾರಿ, ಮಾಫಿಗಾಗಿ ರೈಲ್ವೆಗೇ ಅರ್ಜಿ. ಅದನ್ನು 10 ದಿನದೊಳಗೆ ಕೊಡಬೇಕು. ಅಹಮದಾಬಾದು, ವಡೋದರಾಗಳಿಗೆ ಅವುಗಳದೇ ಡಿವಿಜನ್ನುಗಳಿವೆ. ಸೂರತ್ತು ಮಾತ್ರ ಮುಂಬಯಿ ಡಿವಿಜನ್ನಿಗೆ ಸೇರಿದ್ದು. ಸೂರತ್ತಿನ ಬಂಧುಗಳು ಇದನ್ನು ಮರೆಯಬಾರದು.

ಅರ್ಜಿ ಹಾಕುವವರು ಮಾಲಿನ ಧಣಿಗಳು, ನಿಜ. ಆದರೆ ಅರ್ಜಿಗೆ ಬಲ ಕೊಡುವ ಗಂಟೆ ನಿಮಿಷಗಳು ನಮ್ಮ ಕೈಯಲ್ಲಿವೆ. ವ್ಯಾಗನ್ನು ಬಂದ ಹೊತ್ತು, ಕೆಲಸ ಹಿಡಿದ ಹೊತ್ತು, ಖಾಲಿಯಾದ ಹೊತ್ತು, ಮಳೆ ಬಂದು ನಿಂತ ಹೊತ್ತು ಎಲ್ಲವನ್ನೂ ಗುಮಾಸ್ತರು ಆಗಲೇ ಬರೆಯಲಿ, ಹಮಾಲರು ಬರೆಯಿಸಲಿ. ಮುಂದಿನ ಸಲ ಬಿಲ್ಲು ಬಂದಾಗ ಬಡವನ ಮೇಲೆ ತಪ್ಪು ಹೊರಿಸುವ ಮೊದಲು ಯಾರಾದರೊಬ್ಬರು ಆ ಪುಸ್ತಕವನ್ನು ತೆರೆದು ತೋರಿಸಲಿ.