ಮಂಡಿಯ ರೂಢಿ, ಗಣಕದ ಲೆಕ್ಕ

ಸಂಸ್ಥೆಯ ಸಂಸ್ಕೃತಿ, ಮಾಹಿತಿ ತಂತ್ರಜ್ಞಾನ ಎಂದ ಕೂಡಲೇ ಬೆಂಗಳೂರಿನ ಕಂಪನಿಗಳು ನೆನಪಾಗುತ್ತವೆ. ನಾನು ಮಾತನಾಡುವುದು ನಾವೆಲ್ಲ ಗಾಡಿ ಹೊಡೆದುಕೊಂಡು ಹೋಗುವ ಎಪಿಎಂಸಿ ಅಂಗಳದ ಬಗ್ಗೆ. ವ್ಯವಹಾರ ಗೆಲ್ಲುವುದಕ್ಕೆ ತಂತ್ರಾಂಶ ಎಷ್ಟು ಕಾರಣ, ಅಲ್ಲಿರುವ ಜನರ ನಡವಳಿಕೆ ಎಷ್ಟು ಕಾರಣ ಎಂಬುದು ಅಲ್ಲಿ ಕಾಣುವಷ್ಟು ಚೆನ್ನಾಗಿ ಬೇರೆಲ್ಲೂ ಕಾಣದು.

ಮೊದಲು ವರ್ತಕರು ಚೀಟಿಯಲ್ಲಿ ದರ ಬರೆದು ಟೆಂಡರ್ ಪೆಟ್ಟಿಗೆಗೆ ಹಾಕುತ್ತಿದ್ದರು. 2014ರ ಫೆಬ್ರುವರಿಯಲ್ಲಿ ಕರ್ನಾಟಕ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭಿಸಿತು. ರಾಜ್ಯ ಸರ್ಕಾರವೂ ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜೂ ಸಮಪಾಲಿನಲ್ಲಿ ಕಟ್ಟಿದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಅದನ್ನು ನಡೆಸತೊಡಗಿತು. ಪ್ರತಿ ಲಾಟಿಗೂ ಒಂದು ಸಂಖ್ಯೆ. ಪರವಾನಗಿ ಇರುವ ವರ್ತಕ ತನ್ನ ಊರಲ್ಲೇ ಕೂತು ದರ ಹಾಕಬಹುದು.

ಫಲ ಏನಾಯಿತು? ಎಂಐಟಿಯ ರೆಟ್ಸೆಫ್ ಲೆವಿ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಭತ್ತದ ಬೆಲೆ ಶೇ 5.1, ಶೇಂಗಾ ಶೇ 3.6, ಮೆಕ್ಕೆಜೋಳ ಶೇ 3.5ರಷ್ಟು ಏರಿತು. ಹತ್ತಿ, ಹೆಸರು, ತೊಗರಿಗೆ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ತಂತ್ರಾಂಶ ಒಂದೇ, ಫಲ ಬೇರೆ ಬೇರೆ!

ಅರಸೀಕೆರೆಯ ಕೊಬ್ಬರಿಯನ್ನೇ ನೋಡಿ. ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಟ್ಟು, ಒಳಗಿನ ನೀರು ಇಂಗಿ, ಗಿಟಕು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಉಂಡೆ ಕೊಬ್ಬರಿ ಆಗುತ್ತದೆ. ಅದರ ಗುಣ ಗೊತ್ತಾಗುವುದು ಕೈಗೆ, ಕಣ್ಣಿಗೆ, ಮೂಗಿಗೆ. ದೂರದ ವರ್ತಕ ಪರದೆ ನೋಡಿ ದರ ಹಾಕಬೇಕಾದರೆ, ಇಲ್ಲಿ ಗುಣಮಟ್ಟ ಬರೆದವನ ಮಾತನ್ನು ನಂಬಬೇಕು. ಆ ನಂಬಿಕೆಯನ್ನು ಯಾವ ತಂತ್ರಾಂಶವೂ ತಂದುಕೊಡದು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯಲ್ಲಿ ಶಿಲ್ಪಿಗಳು ತಾವು ಕಡೆದ ವಿಗ್ರಹದ ಬುಡದಲ್ಲಿ ಹೆಸರು ಕೊರೆದಿದ್ದಾರಲ್ಲ, ಹಾಗೆಯೇ ಗುಣಮಟ್ಟ ಬರೆಯುವವರೂ ತಮ್ಮ ಹೆಸರು ಹಾಕಬೇಕು. ತಪ್ಪಾದರೆ ಕೇಳುವುದಕ್ಕೆ ಒಬ್ಬರು ಸಿಗಬೇಕು.

ನನಗೆ ಬಹಳ ಮುಖ್ಯವೆನಿಸಿದ್ದು ಇನ್ನೊಂದು ಸಂಗತಿ. ಅದೇ ಸಂಶೋಧಕರು, ವೇದಿಕೆಯ ಹೊಣೆ ಹೊತ್ತಿದ್ದ ಮನೋಜ್ ರಾಜನ್ ಅವರೊಡನೆ ಸೇರಿ, 2019ರಲ್ಲಿ ರಾಜ್ಯದ ದೊಡ್ಡ ಬೇಳೆಕಾಳು ಮಾರುಕಟ್ಟೆಯೊಂದರಲ್ಲಿ ಹರಾಜಿನ ಕ್ರಮವನ್ನೇ ಬದಲಿಸಿದರು. ಮೊದಲ ಸುತ್ತಿನಲ್ಲಿ ಮುಂದಿದ್ದವರಿಗೆ ಎರಡನೇ ಸುತ್ತಿನಲ್ಲಿ ಮತ್ತೆ ದರ ಹಾಕುವ ಅವಕಾಶ, ಅಷ್ಟೇ. ಬೆಲೆ ಶೇ 4.7ರಷ್ಟು ಏರಿತು, 10,000ಕ್ಕೂ ಹೆಚ್ಚು ರೈತರಿಗೆ ಅನುಕೂಲವಾಯಿತು. ಬೀಜ, ಗೊಬ್ಬರ, ಕೂಲಿಗೆ ಆಗಲೇ ಹಣ ಸುರಿದಿರುವ ರೈತನಿಗೆ ಈ ಏರಿಕೆ ಬಹುಪಾಲು ಲಾಭವೇ. ವೇದಿಕೆಯನ್ನು ಹೊಸದಾಗಿ ಕಟ್ಟಬೇಕಾಗಲಿಲ್ಲ, ಇದ್ದುದರಲ್ಲೇ ಒಂದು ನಿಯಮ ಸೇರಿಸಿದರು. ಹೊಂದಿಕೊಳ್ಳುವ ತಂತ್ರಜ್ಞಾನವೆಂದರೆ ಇದು. ಆದರೆ ಅದಕ್ಕೂ ಮುಂಚೆ ಅವರು ವರ್ತಕರನ್ನು ಮಾತಾಡಿಸಿದ್ದರು, ಯಾರು ಯಾವ ಲೆಕ್ಕದಲ್ಲಿ ದರ ಹಾಕುತ್ತಾರೆಂದು ತಿಳಿದುಕೊಂಡಿದ್ದರು.

ಅರಸೀಕೆರೆಯ ಕೊಬ್ಬರಿಗೂ ಈ ಎರಡನೇ ಸುತ್ತನ್ನು ಒಂದು ಹಂಗಾಮು ಪ್ರಯತ್ನಿಸಿ ನೋಡಬೇಕು ಎಂಬುದು ನನ್ನ ಒತ್ತಾಯ. ಅದಕ್ಕೆ ಮೊದಲು ಬೆಳೆಗಾರರು, ವರ್ತಕರು, ದಲ್ಲಾಳಿಗಳು, ಹಮಾಲರು, ಸಮಿತಿಯ ಸಿಬ್ಬಂದಿ ಒಂದೆಡೆ ಕೂತು, ಕೊಬ್ಬರಿಯ ದರ್ಜೆಯನ್ನು ಯಾರು, ಹೇಗೆ ಬರೆಯಬೇಕೆಂದು ತೀರ್ಮಾನಿಸಲಿ.