ಹೆಸರು ಗೊತ್ತಿದ್ದರೆ ಹಕ್ಕಿ ಕಾಣುತ್ತದೆ



ಈ ಮಾರ್ಚಿನಲ್ಲಿ ನಾವು ಕೆಲವು ಕನ್ನಡ ಕುಟುಂಬಗಳು ವರ್ಜೀನಿಯಾದ ಅಲೆಕ್ಸಾಂಡ್ರಿಯಾ ಬಳಿಯ ಹಂಟ್ಲಿ ಮೆಡೋಸ್‌ಗೆ ಹಕ್ಕಿ ನೋಡಲು ಹೋಗಿದ್ದೆವು. ಮರಗಳು ಇನ್ನೂ ಚಿಗುರಿರಲಿಲ್ಲ, ಹಾಗಾಗಿ ಹಕ್ಕಿಗಳು ಸುಲಭವಾಗಿ ಕಂಡವು. ಜೌಗಿನ ಮೇಲೆ ಹಾಸಿದ ಮರದ ಹಾದಿಯಲ್ಲಿ ನಿಂತರೆ ಸುತ್ತಲೂ ರೆಡ್‌ವಿಂಗ್ಡ್ ಬ್ಲ್ಯಾಕ್‌ಬರ್ಡ್‌ಗಳ ಕೂಗು. ಗಂಡುಗಳು ಕೆಂಪು ಭುಜ ತೋರಿಸುತ್ತಾ "ಈ ಜಾಗ ನನ್ನದು" ಎಂದು ಸಾರುವ ಕಾಲವದು.

ನೀರಲ್ಲಿ ಅಲುಗಾಡದೆ ನಿಂತಿದ್ದ ಗ್ರೇಟ್ ಬ್ಲೂ ಹೆರಾನ್ ತೋರಿಸಿ, ಊರಿಂದ ಬಂದಿದ್ದ ಅಜ್ಜಿಯೊಬ್ಬರು ಮೊಮ್ಮಗನಿಗೆ "ಬಕ ಕಣಪ್ಪ ಅದು" ಅಂದರು. ಸರಿಯಾಗೇ ಹೇಳಿದರು. ನಮ್ಮ ಬೂದು ಬಕಕ್ಕೆ ಅದು ಹತ್ತಿರದ ನೆಂಟ.

ಮರಕುಟಿಕ, ಮಿಂಚುಳ್ಳಿ ಎಂಬ ಹೆಸರುಗಳಲ್ಲೇ ಆ ಹಕ್ಕಿಗಳ ಕಸುಬು, ಬೆಡಗು ಅಡಗಿವೆ. ಹೆಸರು ಬಲ್ಲವರು ಹಕ್ಕಿಯನ್ನು ಉಳಿಸಿಕೊಳ್ಳುತ್ತಾರೆ. ಮದ್ದೂರು ತಾಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಊರವರು ಓಡಿಸುವುದಿಲ್ಲ, ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡುತ್ತಾರೆ.

ನಾವೀಗ ಬಾಳುತ್ತಿರುವ ನೆಲದ ಕತೆಯೇ ಬೇರೆ. 1970ರಿಂದೀಚೆಗೆ ಅಮೆರಿಕ, ಕೆನಡಾಗಳಲ್ಲಿ ಸುಮಾರು 290 ಕೋಟಿ ಹಕ್ಕಿಗಳು ಕಡಿಮೆಯಾಗಿವೆ ಎಂದು 2019ರ ಅಧ್ಯಯನವೊಂದು ಲೆಕ್ಕ ಹಾಕಿತು. ಆ ಕೆಂಪು ಭುಜದ ಹಕ್ಕಿಯೂ ಅದರಲ್ಲಿ ಸೇರಿದೆ.

ನನ್ನ ಕೋರಿಕೆ ಇಷ್ಟೇ. ವಾಷಿಂಗ್ಟನ್ನಿರಲಿ, ಅಟ್ಲಾಂಟಾ ಇರಲಿ, ಅಜ್ಜ ಅಜ್ಜಿ ಬಂದಾಗ ಬರೀ ಮಾಲ್ ತೋರಿಸಬೇಡಿ, ಒಂದು ಕೆರೆಗೂ ಕರೆದೊಯ್ಯಿರಿ. ಮಕ್ಕಳ ಕೈಯಲ್ಲಿ ಕಂಡ ಹಕ್ಕಿಗಳ ಪಟ್ಟಿಯನ್ನು ಕನ್ನಡದಲ್ಲೇ ಬರೆಸಿ. ಹೆಸರಿಲ್ಲದ ಹಕ್ಕಿಗೆ ಮಕ್ಕಳೇ ಒಂದು ಕನ್ನಡ ಹೆಸರಿಡಲಿ.